ಬಾವಿಗೆ ಇಳಿಯುವ ಮುನ್ನ ಹಗ್ಗ: ಎಡಿಎಚ್‌ಡಿ ಇರುವವರು ಹೈಪರ್‌ಫೋಕಸ್ ನಿಭಾಯಿಸುವ ಬಗೆ

ರಾತ್ರಿ ಒಂಬತ್ತಕ್ಕೆ ಲೆಕ್ಕ ತಾಳೆ ನೋಡಲು ಕುಳಿತೆ. ಒಂದು ಹಾರ್ಡ್‌ವೇರ್ ಅಂಗಡಿಯ ವರ್ಷದ ಲೆಕ್ಕ. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ಅಂಗಡಿಯ ಪುಸ್ತಕಕ್ಕೂ 900 ರೂಪಾಯಿ ವ್ಯತ್ಯಾಸ ಬರುತ್ತಿತ್ತು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು ಎಂಬುದು ಲೆಕ್ಕಪತ್ರ ಬರೆಯುವವರಿಗೆಲ್ಲ ಗೊತ್ತಿರುವ ಸೂತ್ರ. ಆ ಜಾಡು ಹಿಡಿದು ನಮೂದುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಕೊನೆಗೂ ಸಿಕ್ಕಿತು. 5,400 ಇರಬೇಕಾದಲ್ಲಿ 4,500 ಎಂದು ಬರೆದಿದ್ದರು. ತಲೆ ಎತ್ತಿ ನೋಡಿದರೆ ಗಡಿಯಾರದಲ್ಲಿ ಮೂರೂವರೆ.

ಕುತ್ತಿಗೆ ಹಿಡಿದುಕೊಂಡಿತ್ತು. ಬಾಯಿ ಒಣಗಿತ್ತು, ಮೂತ್ರ ಕಟ್ಟಿ ಕಿಬ್ಬೊಟ್ಟೆ ನೋಯುತ್ತಿತ್ತು. ಎದ್ದು ನಡುಮನೆಗೆ ಬಂದರೆ ಸೋಫಾದ ಮೇಲೆ ಮಗಳು ಮುದುಡಿ ಮಲಗಿದ್ದಳು. ಶಾಲೆಯ ಪ್ರವಾಸದ ಒಪ್ಪಿಗೆ ಪತ್ರ ಎದೆಯ ಮೇಲಿತ್ತು, ಪೆನ್ನು ಕೈಯಲ್ಲೇ ಇತ್ತು. "ಅಮ್ಮಾ, ಸಹಿ ಮಾಡು" ಎಂದು ಅವಳು ಮೂರು ಸಲ ನನ್ನ ಕೋಣೆಗೆ ಬಂದಿದ್ದಳಂತೆ. ಮೂರು ಸಲವೂ ನಾನು "ಹ್ಞೂಂ, ಬಂದೆ" ಎಂದಿದ್ದೆನಂತೆ. ನನಗೆ ಒಂದೂ ನೆನಪಿಲ್ಲ.

ನನಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದೆ ಎಂದು ತಿಳಿದದ್ದು 36ನೇ ವಯಸ್ಸಿನಲ್ಲಿ. ಆ ರಾತ್ರಿಯ ಸ್ಥಿತಿಗೆ ಹೈಪರ್‌ಫೋಕಸ್ ಎನ್ನುತ್ತಾರೆ ಎಂಬುದು ಗೊತ್ತಾದದ್ದು ಅದಕ್ಕೂ ಆಮೇಲೆ. ಅಂದಿನಿಂದ ಇದರ ಜೊತೆ ಬದುಕಲು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಇಡೀ ಲೇಖನದ ಆಧಾರ ಒಂದೇ ಮಾತು: ಒಳಗೆ ಇಳಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಾವಿಯ ಹೂಳೆತ್ತಲು ಇಳಿಯುವವನು ಹಗ್ಗವನ್ನು ಮೇಲೆಯೇ ಕಟ್ಟುತ್ತಾನೆ, ಮೇಲೆ ಒಬ್ಬನನ್ನು ನಿಲ್ಲಿಸಿಯೇ ಇಳಿಯುತ್ತಾನೆ. ನಾವೂ ಅಷ್ಟೇ.

ಹೆಸರೇ ದಾರಿ ತಪ್ಪಿಸುತ್ತದೆ

ಗಮನದ ಕೊರತೆ ಎಂಬ ಹೆಸರು ಕೇಳಿದವರಿಗೆ ಆರು ಗಂಟೆ ಅಲ್ಲಾಡದೆ ಕೂರುವ ಹುಡುಗನಿಗೆ ಎಡಿಎಚ್‌ಡಿ ಹೇಗೆ ಬಂತು ಎಂದು ಅನುಮಾನ ಬರುತ್ತದೆ. "ಗೇಮ್ ಆಡಲು ಗಮನ ಇದೆ, ಓದಲು ಮಾತ್ರ ಇಲ್ಲವೇ?" ಎಂಬ ಪ್ರಶ್ನೆಯನ್ನು ಎಷ್ಟು ಮಕ್ಕಳು ಕೇಳಿಸಿಕೊಂಡಿದ್ದಾರೋ! ನಮ್ಮಲ್ಲಿ ಗಮನ ಕಡಿಮೆ ಇಲ್ಲ. ಅದನ್ನು ಬೇಕಾದ ಕಡೆ ತಿರುಗಿಸುವ, ಬೇಕಾದಾಗ ಬಿಡಿಸಿಕೊಳ್ಳುವ ಹಿಡಿತ ಸಡಿಲ. ಒಂದೇ ಕಾರಣದಿಂದ ಎರಡು ತೊಂದರೆ: ಬೇಸರದ ಕೆಲಸಕ್ಕೆ ಗಮನ ಅಂಟುವುದೇ ಇಲ್ಲ, ಹಿಡಿಸಿದ ಕೆಲಸಕ್ಕೆ ಅಂಟಿದರೆ ಬಿಡುವುದಿಲ್ಲ.

ಇದಕ್ಕೆ ಮಿದುಳಿನಲ್ಲಿ ಪ್ರತಿಫಲವನ್ನು ತೂಗುವ ವ್ಯವಸ್ಥೆ ಮತ್ತು ಅದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ಕಾರಣ ಎಂದು ತಜ್ಞರು ವಿವರಿಸುತ್ತಾರೆ. ಮುಂದಿನ ತಿಂಗಳು ಸಿಗುವ ಫಲ ನಮ್ಮನ್ನು ಎಳೆಯುವುದಿಲ್ಲ, ಈ ಕ್ಷಣದಲ್ಲಿ ಸಿಗುವುದು ಎಳೆಯುತ್ತದೆ. ಆಸಕ್ತಿ, ಹೊಸತನ, ಸವಾಲು, ತುರ್ತು: ಈ ನಾಲ್ಕರಲ್ಲಿ ಒಂದಿಲ್ಲದ ಕೆಲಸ ನಮಗೆ ಕಲ್ಲು ಬಂಡೆ. ಒಂದಿದ್ದರೂ ಸಾಕು, ಅದೇ ಸುಳಿಯಾಗಿ ಸೆಳೆಯುತ್ತದೆ.

ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ ಡಿಎಸ್ಎಂ-5ರ (2013) ಲಕ್ಷಣಗಳ ಪಟ್ಟಿಯಲ್ಲಿ ಹೈಪರ್‌ಫೋಕಸ್ ಇಲ್ಲ. ಆದ್ದರಿಂದ ಇದು ಇದ್ದ ಮಾತ್ರಕ್ಕೆ ಎಡಿಎಚ್‌ಡಿ ಇದೆ ಎನ್ನಲಾಗದು. ಇಲ್ಲದ ಮಾತ್ರಕ್ಕೆ ಇಲ್ಲ ಎನ್ನಲೂ ಆಗದು. ಆಟಿಸಂ ಇರುವವರಲ್ಲೂ ಇದು ಕಾಣುತ್ತದೆ. ಬ್ರ್ಯಾಂಡನ್ ಆಶಿನಾಫ್ ಮತ್ತು ಅಹ್ಮದ್ ಅಬು-ಅಕೆಲ್ 2019ರಲ್ಲಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನಾಲ್ಕು ಗುರುತುಗಳನ್ನು ಹೇಳಿದರು: ಒಂದು ಕೆಲಸದಲ್ಲಿ ತೊಡಗಿದಾಗಲೇ ಇದು ಹುಟ್ಟುತ್ತದೆ, ಗಮನ ತೀವ್ರವಾಗಿ ನೆಲೆ ನಿಲ್ಲುತ್ತದೆ, ಕೆಲಸಕ್ಕೆ ಸಂಬಂಧವಿಲ್ಲದ್ದು ಕಣ್ಣಿಗೂ ಕಿವಿಗೂ ಬೀಳುವುದು ಕಡಿಮೆಯಾಗುತ್ತದೆ, ಆ ಕೆಲಸ ಚೆನ್ನಾಗಿ ಆಗುತ್ತದೆ. ಎಡಿಎಚ್‌ಡಿ ಲಕ್ಷಣ ಹೆಚ್ಚಿದ್ದವರು ಇದನ್ನು ಹೆಚ್ಚಾಗಿ ಅನುಭವಿಸುತ್ತಾರೆ ಎಂದು ಅದೇ ವರ್ಷ ಅಮೆರಿಕದ ಅಧ್ಯಯನವೊಂದು ಹೇಳಿತು. 2020ರಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ರೋಗನಿರ್ಣಯವಾದ ವಯಸ್ಕರಿಗೂ ಉಳಿದವರಿಗೂ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಮೂರನೆಯ ಗುರುತನ್ನು ಮನೆಯವರಿಗೆ ಓದಿ ಹೇಳಿ. ಕರೆದದ್ದು ಕೇಳಿಸಲಿಲ್ಲ ಎಂದರೆ ಅದು ಉಡಾಫೆಯಲ್ಲ.

ಕೊಡುವುದು, ಕಸಿಯುವುದು

ಎಡಿಎಚ್‌ಡಿಯನ್ನು ವರ, ಸೂಪರ್‌ಪವರ್ ಎಂದೆಲ್ಲ ಕರೆಯುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಶಕ್ತಿ ಎಂದ ಮೇಲೆ ಕರೆದಾಗ ಬರಬೇಕು. ಇದು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ ಬಾರದೆ, ಫ್ರಿಜ್ ಕೊಳ್ಳಲು ಹದಿನಾರು ಮಾದರಿಗಳ ಬೆಲೆ ಹೋಲಿಸುವ ರಾತ್ರಿ ಬರುತ್ತದೆ.

ಹಾಗೆಂದು ಅದು ಕೊಟ್ಟದ್ದನ್ನು ಅಲ್ಲಗಳೆಯುವುದೂ ಸುಳ್ಳಾಗುತ್ತದೆ. ಬೇರೆಯವರು ತಿಂಗಳುಗಟ್ಟಲೆ ಕಲಿಯುವುದನ್ನು ಕೆಲವೇ ದಿನಗಳಲ್ಲಿ ತಳಮಟ್ಟ ಕಂಡು ಬರುವವರು ನಮ್ಮಲ್ಲಿ ಇದ್ದಾರೆ. ಹೊಲಿಗೆ, ಕೋಡಿಂಗ್, ವಾದ್ಯ, ರಿಪೇರಿ, ಸಂಶೋಧನೆ, ಹೀಗೆ ಸೂಕ್ಷ್ಮವನ್ನು ಬಿಡದೆ ಹಿಂಬಾಲಿಸಬೇಕಾದ ಕೆಲಸಗಳಲ್ಲಿ ಇದು ದೊಡ್ಡ ಆಸ್ತಿ. ಇನ್ನೊಂದು ಲಾಭವನ್ನು ಹೊರಗಿನವರು ಕಾಣಲಾರರು. ಸದಾ ಹತ್ತು ರೇಡಿಯೋ ಒಟ್ಟಿಗೆ ಹಾಡುವಂತಿರುವ ತಲೆ ಆ ಹೊತ್ತಿನಲ್ಲಿ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತದೆ. ಆ ನಿಶ್ಶಬ್ದಕ್ಕಾಗಿಯೇ ನಾವು ಮತ್ತೆ ಮತ್ತೆ ಇಳಿಯುತ್ತೇವೆ. ಬಿಡಿಸಲು ಬಂದವರ ಮೇಲೆ ಸಿಡುಕುವುದೂ ಅದಕ್ಕೇ. ಜೀವನವಿಡೀ ಸೋಮಾರಿ, ಅಜಾಗರೂಕ ಎಂದು ಅನ್ನಿಸಿಕೊಂಡವರಿಗೆ "ನಾನೂ ಒಂದನ್ನು ಕೊನೆ ಮುಟ್ಟಿಸಿದೆ" ಎಂಬ ನಂಬಿಕೆ ಸಿಗುವುದು ಇಲ್ಲೇ.

ಕಸಿಯುವುದರಲ್ಲಿ ಊಟ, ನಿದ್ದೆ, ನೀರು ಕಣ್ಣಿಗೆ ಕಾಣುವಂಥವು. ಒಲೆಯ ಮೇಲೆ ಬಿಟ್ಟ ಕುಕ್ಕರ್, ಶಾಲೆಯ ಗೇಟಿನಲ್ಲಿ ಕಾಯುತ್ತಿರುವ ಮಗು, ತಪ್ಪಿದ ಬಸ್ಸು ಕೂಡ ಎಲ್ಲರಿಗೂ ತಿಳಿಯುವಂಥವು. ಕಾಣದ ನಷ್ಟಗಳು ಇನ್ನೂ ದುಬಾರಿ.

ಮೊದಲನೆಯದು, ತಪ್ಪು ಕೆಲಸದ ಮೇಲಿನ ಪರಿಪೂರ್ಣತೆ. ವರದಿಯ ಒಂದು ಕೋಷ್ಟಕದ ಬಣ್ಣವನ್ನು ಮೂರು ಗಂಟೆ ತಿದ್ದಿ, ವರದಿಯನ್ನೇ ಬರೆಯದೆ ಉಳಿಸುವುದು. ಎರಡನೆಯದು, ಸುಳ್ಳು ಲೆಕ್ಕ. "ಹೋದ ಸಲ ಒಂದೇ ರಾತ್ರಿಯಲ್ಲಿ ಮುಗಿಸಿದ್ದೆನಲ್ಲ" ಎಂದು ಈ ಸಲವೂ ಕೊನೆಯ ರಾತ್ರಿಗೆ ಬಿಡುತ್ತೇವೆ. ಆ ರಾತ್ರಿ ಹೈಪರ್‌ಫೋಕಸ್ ಬರುವುದಿಲ್ಲ. ಮೇಲಧಿಕಾರಿಯೂ ಅದೇ ಲೆಕ್ಕ ಹಾಕುತ್ತಾರೆ: ಒಮ್ಮೆ ಒಂದು ದಿನದಲ್ಲಿ ಮಾಡಿದವಳು ಪ್ರತಿ ಸಲ ಒಂದು ದಿನದಲ್ಲಿ ಮಾಡಬೇಕು. ನನ್ನ ಅನುಭವದಲ್ಲಿ ಊಟ ತಪ್ಪಿದ್ದಕ್ಕಿಂತ ಈ ಲೆಕ್ಕವೇ ಹೆಚ್ಚು ಹಾನಿ ಮಾಡಿದೆ. ಮೂರನೆಯದು, ಈ ಸುಳಿ ಚಿಂತೆಗೂ ಅಂಟುತ್ತದೆ. ಯಾರೋ ಆಡಿದ ಒಂದು ಚುಚ್ಚುಮಾತನ್ನು ಇಡೀ ದಿನ ಮೆಲುಕು ಹಾಕುತ್ತ ಕೂರುವುದೂ ಅದೇ ಜಿಗುಟು ಗಮನ. ಅದರಿಂದ ಕೈಗೆ ಸಿಗುವುದು ಏನೂ ಇಲ್ಲ.

ಕೆಲಸದಲ್ಲಿ ತಾನೇ ಲೀನವಾಗುವ ಸುಖವನ್ನು ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಫ್ಲೋ ಎಂದು ಕರೆದರು. ಹೈಪರ್‌ಫೋಕಸ್ ಅದೇ ಎನ್ನುವ ಸಂಶೋಧಕರೂ ಇದ್ದಾರೆ. ಮನೆಯಲ್ಲಿ ಪರೀಕ್ಷಿಸಿಕೊಳ್ಳಲು ನನ್ನದೊಂದು ಸರಳ ಅಳತೆ ಇದೆ. ಎದ್ದಾಗ ಹಗುರಾಗಿದ್ದೀರಾ? ಹಾಗಿದ್ದರೆ ಅದನ್ನು ಕಾಪಾಡಿಕೊಳ್ಳಿ. ಎದ್ದಾಗ ಹಿಂಡಿ ಹಿಪ್ಪೆಯಾಗಿ, "ಇಷ್ಟು ಹೊತ್ತು ಎಲ್ಲಿ ಹೋಯಿತು" ಎಂದು ಗಾಬರಿಯಾಗುತ್ತಿದೆಯೇ? ಮುಂದಿನ ಹೆಜ್ಜೆಗಳು ನಿಮಗಾಗಿ.

ಮೊದಲ ಹೆಜ್ಜೆ: ಎರಡು ವಾರ ಬರೆದಿಡಿ

ಏನನ್ನೂ ಬದಲಿಸಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಸುಳಿಯಿಂದ ಹೊರಬಂದ ಪ್ರತಿ ಸಲ ಐದು ಸಾಲು ಬರೆಯಿರಿ. ಎಷ್ಟು ಹೊತ್ತಿಗೆ ಕುಳಿತೆ, ಎಷ್ಟು ಹೊತ್ತಿಗೆ ಎದ್ದೆ, ಯಾವ ಕೆಲಸ, ಯಾವುದು ನನ್ನನ್ನು ಎಬ್ಬಿಸಿತು, ಏನು ತಪ್ಪಿಹೋಯಿತು. ಮೊಬೈಲ್‌ನಲ್ಲಿ ಬರೆಯುವುದು ಬೇಡ, ಬರೆಯಲು ತೆಗೆದ ಮೊಬೈಲ್ ಇನ್ನೊಂದು ಬಾವಿಗೆ ತಳ್ಳುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಎದ್ದು ಕಂಡವು. ರಾತ್ರಿ ಎಂಟರ ನಂತರ ಶುರು ಮಾಡಿದ್ದು ಯಾವುದೂ ಹನ್ನೆರಡಕ್ಕೆ ಮೊದಲು ಮುಗಿದಿರಲಿಲ್ಲ. ನನ್ನನ್ನು ಎಬ್ಬಿಸಿದ್ದು ಒಮ್ಮೆಯೂ ಶಬ್ದವಲ್ಲ, ಪ್ರತಿ ಸಲವೂ ಸ್ಪರ್ಶ ಅಥವಾ ಕರೆಂಟ್ ಹೋದದ್ದು. ಉಪಯೋಗಕ್ಕೆ ಬಂದ ಸುಳಿಗಳಲ್ಲಿ ಹೆಚ್ಚಿನವು ಬೆಳಗ್ಗೆ ಆರರಿಂದ ಹತ್ತರ ನಡುವೆ ಬಂದಿದ್ದವು. ನಿಮ್ಮ ಪುಟಗಳು ಬೇರೆಯೇ ಹೇಳಬಹುದು. ಮುಂದಿನ ಏರ್ಪಾಡನ್ನೆಲ್ಲ ನಿಮ್ಮ ಪುಟಗಳ ಮೇಲೆ ಕಟ್ಟಿ, ನನ್ನವುಗಳ ಮೇಲಲ್ಲ.

ಎರಡನೇ ಹೆಜ್ಜೆ: ಇಳಿಯುವ ಮುನ್ನ ಹತ್ತು ನಿಮಿಷ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸಮಯವಿಲ್ಲದವರು ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಸಾಕು.

ಸೆಳೆಯುವ ಕೆಲಸಕ್ಕೆ ಕೂರುವ ಮುನ್ನ ಅಡುಗೆಮನೆಗೆ ಹೋಗಿ ಒಲೆಯ ಗುಬುಟು ಮತ್ತು ಸಿಲಿಂಡರ್ ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ನೆನಪನ್ನು ನಂಬಬೇಡಿ, ಬೆರಳನ್ನು ನಂಬಿ. ಶೌಚಾಲಯಕ್ಕೆ ಹೋಗಿ ಬನ್ನಿ. ಒಂದು ಲೀಟರ್ ನೀರನ್ನು ಮೇಜಿನ ಮೇಲೆ, ಕೈ ಚಾಚಿದರೆ ತಗಲುವ ಹಾಗೆ ಇಡಿ. ಪಕ್ಕದಲ್ಲಿ ಒಂದು ಕೈಯಲ್ಲಿ ತಿನ್ನಬಹುದಾದ್ದು ಇರಲಿ: ಬಾಳೆಹಣ್ಣು, ಹುರಿಗಡಲೆ, ಶೇಂಗಾ ಚಿಕ್ಕಿ. ಹಸಿವಾದಾಗ ಎದ್ದು ಹೋಗುತ್ತೇನೆ ಎಂದುಕೊಳ್ಳಬೇಡಿ. ಹಸಿವು ನಿಮ್ಮನ್ನು ತಲುಪುವುದಿಲ್ಲ. ಮಧುಮೇಹಕ್ಕೆ ಔಷಧಿ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಪ್ಪುವುದು ನೇರ ಅಪಾಯ. ಅಂಥವರು ಊಟ ಮುಗಿಸಿಯೇ ಕೂರಬೇಕು.

ಆಮೇಲೆ ಒಂದು ಕಾಗದದ ಚೂರಿನ ಮೇಲೆ ದಪ್ಪಕ್ಷರದಲ್ಲಿ ಮೂರು ವಾಕ್ಯ ಬರೆದು ಪರದೆಯ ಅಂಚಿಗೆ ಅಂಟಿಸಿ. ಈಗ ಏನು ಮಾಡಲು ಕುಳಿತಿದ್ದೇನೆ. ಎಷ್ಟಾದರೆ ಸಾಕು. ಎಷ್ಟು ಗಂಟೆಗೆ, ಯಾವ ಕಾರಣಕ್ಕೆ ಏಳಬೇಕು. ನನ್ನದೊಂದು ಹೀಗಿತ್ತು: "ಮಾರ್ಚ್ ತಿಂಗಳ ತಾಳೆ. ವ್ಯತ್ಯಾಸ ಸಿಗದಿದ್ದರೂ ಪರವಾಗಿಲ್ಲ, ಎಲ್ಲಿಯವರೆಗೆ ನೋಡಿದೆ ಎಂಬ ಗುರುತು ಸಾಕು. 9.45ಕ್ಕೆ ಏಳಬೇಕು, ಮಗಳಿಗೆ ಕಥೆ ಹೇಳಬೇಕು." ಕಾರಣ ಬರೆಯದೆ ಬರೀ ಗಂಟೆ ಬರೆದರೆ ಅದಕ್ಕೆ ತೂಕವಿರುವುದಿಲ್ಲ. ಗಂಟೆಯನ್ನು ನಾವು ಮೀರುತ್ತೇವೆ, ಕಾಯುತ್ತಿರುವ ಮುಖವನ್ನು ಮೀರುವುದು ಕಷ್ಟ.

"ಹೀಗಾದರೆ ಹೀಗೆ ಮಾಡುತ್ತೇನೆ" ಎಂಬ ರೂಪದಲ್ಲಿ ಮೊದಲೇ ನಿರ್ಧರಿಸಿದ್ದು ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ನಡೆಯುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಸರ್ 1999ರಲ್ಲಿ ತೋರಿಸಿದರು. ಎಡಿಎಚ್‌ಡಿ ಇರುವ ಮಕ್ಕಳ ಮೇಲೂ ಇದನ್ನು ಪರೀಕ್ಷಿಸಿ ಪ್ರಯೋಜನ ಕಂಡಿದ್ದಾರೆ. "ಬೇಗ ಏಳುತ್ತೇನೆ" ಎಂದು ಬರೆಯುವ ಬದಲು "ಗಂಟೆ ಹೊಡೆದ ತಕ್ಷಣ ಎರಡೂ ಪಾದ ನೆಲಕ್ಕೆ ಊರಿ ನಿಲ್ಲುತ್ತೇನೆ" ಎಂದು ಬರೆಯಿರಿ. ನಿಂತ ಮೇಲೆ ಯೋಚಿಸಬಹುದು.

ಮೂರನೇ ಹೆಜ್ಜೆ: ಗಂಟೆ ಹೊಡೆಯುವುದು ಎಲ್ಲಿ?

ಪಕ್ಕದಲ್ಲಿಟ್ಟ ಮೊಬೈಲ್‌ನ ಅಲಾರಂ ನಮಗೆ ಅಲಾರಂ ಅಲ್ಲ. ಕೈ ತಾನಾಗಿಯೇ ಹೋಗಿ ಒತ್ತಿ ಆರಿಸುತ್ತದೆ, ತಲೆಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಗಡಿಯಾರವನ್ನು ಎದ್ದು ನಡೆದುಹೋಗಿ ನಿಲ್ಲಿಸಬೇಕಾದ ಜಾಗದಲ್ಲಿ ಇಡಿ. ನಾನು ಹಳೆಯ ಕೀಲಿ ಅಲಾರಂ ಗಡಿಯಾರವನ್ನು ಬಚ್ಚಲುಮನೆಯ ಬಾಗಿಲ ಬಳಿ ಸ್ಟೀಲ್ ತಟ್ಟೆಯ ಮೇಲೆ ಇಡುತ್ತೇನೆ. ತಟ್ಟೆ ನಡುಗುವ ಸದ್ದಿಗೆ ಮನೆಯವರೆಲ್ಲ ಎಚ್ಚರಗೊಳ್ಳುತ್ತಾರೆ, ಆ ಮುಜುಗರಕ್ಕಾದರೂ ಏಳಬೇಕಾಗುತ್ತದೆ. ಅದಕ್ಕೂ ಹದಿನೈದು ನಿಮಿಷ ಮೊದಲು ಮೆಲ್ಲಗೆ ತಿಳಿಸುವ ಇನ್ನೊಂದು ಗಂಟೆ ಇರಲಿ. ಸುಳಿಯಿಂದ ಒಮ್ಮೆಲೇ ಕಿತ್ತು ಎಳೆದರೆ ಕೋಪ ಬರುತ್ತದೆ, ಮುನ್ಸೂಚನೆ ಇದ್ದರೆ ಕಡಿಮೆ.

ಕೈಗೆ ಕಟ್ಟಿಕೊಂಡು ನಡುಗುವ ವಾಚ್, ನಿಗದಿತ ಹೊತ್ತಿಗೆ ಆರುವ ಟೈಮರ್ ಪ್ಲಗ್ಗಿಗೆ ಹಾಕಿದ ಮೇಜುದೀಪ, ಇವೂ ಕೆಲವರಿಗೆ ಕೆಲಸ ಮಾಡುತ್ತವೆ. ಒಂದೇ ವಿಧಾನ ಕೆಲವು ವಾರಗಳಲ್ಲಿ ಸವಕಲಾಗುತ್ತದೆ. ಆಗ ಸದ್ದು ಬದಲಿಸಿ, ಜಾಗ ಬದಲಿಸಿ.

ಪೊಮೊಡೊರೊ ಬಗ್ಗೆ ಒಂದು ಮಾತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆ ಟೈಮರ್ ಇಟ್ಟುಕೊಂಡು ರೂಪಿಸಿದ ಈ ಕ್ರಮದಲ್ಲಿ 25 ನಿಮಿಷ ಕೆಲಸ, ಐದು ನಿಮಿಷ ಬಿಡುವು. ಶುರುವೇ ಆಗದ ಕೆಲಸಕ್ಕೆ ಇದು ಒಳ್ಳೆಯದು. ಒಳ್ಳೆಯ ಸುಳಿ ಹಿಡಿದ ಕೆಲಸಕ್ಕೆ ನನಗೆ ಇದು ಕಿರುಕುಳ. ಒಳಗೆ ಇಳಿಯಲು ಇಪ್ಪತ್ತು ನಿಮಿಷ ಬೇಕಾದವಳನ್ನು ಇಪ್ಪತ್ತೈದಕ್ಕೆ ಎಬ್ಬಿಸಿದರೆ ಏನು ಸಿಗುತ್ತದೆ? ಅಂಥ ಕೆಲಸಕ್ಕೆ ನಾನು ಒಂದೂವರೆ ಗಂಟೆಯ ಅವಧಿ ಇಟ್ಟುಕೊಳ್ಳುತ್ತೇನೆ.

ಎಲ್ಲಕ್ಕಿಂತ ಗಟ್ಟಿಯಾದ ಹಗ್ಗ ಮನುಷ್ಯ. ನಮ್ಮ ಮನೆಯಲ್ಲಿ ಅದು ನನ್ನ ಅತ್ತೆ. ಅವರು ಬಾಗಿಲಲ್ಲಿ ನಿಂತು ಕೂಗುವುದಿಲ್ಲ. ಬಂದು ಭುಜದ ಮೇಲೆ ಕೈಯಿಟ್ಟು, ನಾನು ತಿರುಗುವವರೆಗೆ ಕಾಯುತ್ತಾರೆ.

"ಹತ್ತು ಗಂಟೆ ಆಯಿತಮ್ಮ, ಊಟಕ್ಕೆ ಏಳು."

"ಐದೇ ನಿಮಿಷ ಅತ್ತೆ, ಬಂದುಬಿಡುತ್ತೇನೆ."

"ಆಗಲಿ, ಐದು ನಿಮಿಷ ನಾನು ಇಲ್ಲೇ ಕುಳಿತಿರುತ್ತೇನೆ."

ಕುರ್ಚಿ ಎಳೆದುಕೊಂಡು, ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸತೊಡಗುತ್ತಾರೆ. ಕಾಯಿ ಬಿರಿಯುವ ಸಣ್ಣ ಸದ್ದು, ಸೊಗಡಿನ ವಾಸನೆ. ಪಕ್ಕದಲ್ಲಿ ಒಂದು ಜೀವ ಇದೆ ಎಂಬ ಅರಿವು ನಿಧಾನವಾಗಿ ನನ್ನನ್ನು ಮೇಲಕ್ಕೆ ತರುತ್ತದೆ. ಇದನ್ನು ಅವರಿಗೆ ಯಾವ ವೈದ್ಯರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕನೇ ಹೆಜ್ಜೆ: ಏಳುವಾಗ ಗುರುತು ಬಿಟ್ಟು ಏಳಿ

ನಾವು ಏಳದಿರಲು ಒಂದು ನ್ಯಾಯವಾದ ಭಯವಿದೆ. ಈಗ ಬಿಟ್ಟರೆ ಮತ್ತೆ ಈ ಎಳೆ ಸಿಗುವುದಿಲ್ಲ ಎಂಬ ಭಯ ಅದು. ಅದಕ್ಕೆ ಉತ್ತರ ಕೊಡದೆ ಶಿಸ್ತಿನ ಉಪದೇಶ ಕೊಟ್ಟರೆ ಪ್ರಯೋಜನವಿಲ್ಲ.

ಗಂಟೆ ಹೊಡೆದಾಗ ಎರಡು ನಿಮಿಷ ತೆಗೆದುಕೊಂಡು ಬರೆಯಿರಿ: ಎಲ್ಲಿದ್ದೇನೆ, ಮುಂದೆ ಮಾಡಬೇಕಾದ ಮೊದಲ ಸಣ್ಣ ಕೆಲಸ ಯಾವುದು, ತಲೆಯಲ್ಲಿ ಯಾವ ಅನುಮಾನ ಸುತ್ತುತ್ತಿದೆ. ಅರ್ಧಕ್ಕೆ ಬಿಟ್ಟ ಕೆಲಸದ ಚೂರುಗಳು ಮುಂದಿನ ಕೆಲಸದಲ್ಲೂ ತಲೆಯಲ್ಲಿ ಉಳಿದು ಕಾಡುತ್ತವೆ ಎಂದು ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ಹೇಳಿದ್ದರು. ಎಲ್ಲಿಂದ ಮುಂದುವರಿಸಬೇಕು ಎಂದು ಬರೆದಿಟ್ಟು ಎದ್ದರೆ ಆ ಕಾಟ ಕಡಿಮೆ ಎಂಬುದು ಅವರ ನಂತರದ ಕೆಲಸದಲ್ಲಿ ಕಂಡುಬಂತು. ಹೊಲಿಯುವವರು ಸೂಜಿಗೆ ದಾರ ಪೋಣಿಸಿ ಬಟ್ಟೆಗೆ ಚುಚ್ಚಿಟ್ಟು ಏಳುತ್ತಾರಲ್ಲ, ಅದೇ ಕ್ರಮ.

ಎದ್ದ ಮೇಲೆ ಮೈಗೆ ಏನಾದರೂ ತಾಕಲಿ. ತಣ್ಣೀರಿನಲ್ಲಿ ಮುಖ ತೊಳೆಯಿರಿ, ಮೆಟ್ಟಿಲು ಹತ್ತಿಳಿಯಿರಿ, ತುಳಸಿ ಗಿಡಕ್ಕೆ ನೀರು ಹಾಕಿ. ಆ ಹತ್ತು ನಿಮಿಷ ಯಾರಿಗೂ ಮಹತ್ವದ ಉತ್ತರ ಕೊಡಬೇಡಿ. ನನ್ನ ಬಾಯಿಂದ ಕೆಟ್ಟ ಮಾತು ಬಂದದ್ದೆಲ್ಲ ಆ ಹತ್ತು ನಿಮಿಷಗಳಲ್ಲೇ.

ಐದನೇ ಹೆಜ್ಜೆ: ಬೇಕಾದ ಕೆಲಸದ ಕಡೆ ಕಾಲುವೆ ತೋಡುವುದು

ಹೈಪರ್‌ಫೋಕಸ್ ಅನ್ನು ಕರೆಸಿಕೊಳ್ಳಲಾಗದು. ಅದು ಬರುವ ದಾರಿಯಲ್ಲಿ ಸರಿಯಾದ ಕೆಲಸವನ್ನು ಇಟ್ಟು ಕಾಯಬಹುದು. ನೋಟ್‌ಬುಕ್ ಹೇಳಿದ ಹೊತ್ತಿನಲ್ಲಿ ಆ ಕೆಲಸದ ಕಡತ ಮಾತ್ರ ತೆರೆದಿರಲಿ. ಅದರಲ್ಲಿ ಅತ್ಯಂತ ಕುತೂಹಲದ ತುಣುಕಿನಿಂದ ಶುರು ಮಾಡಿ. ಮೊದಲ ಪುಟದಿಂದಲೇ ಶುರುವಾಗಬೇಕು ಎಂಬ ನಿಯಮವೇನಿಲ್ಲ. ನಾನು ಬೇಸರದ ಲೆಕ್ಕವನ್ನು ತಪ್ಪು ಹುಡುಕುವ ಒಗಟಾಗಿ ಮಾಡಿಕೊಳ್ಳುತ್ತೇನೆ. ಸವಾಲು ಸೇರಿದ ಕೂಡಲೇ ಅದೇ ಕೆಲಸ ಬೇರೆಯಾಗಿ ಕಾಣುತ್ತದೆ.

ತಪ್ಪು ಬಾವಿಗಳಿಗೆ ಮುಚ್ಚಳ ಹಾಕಿ. ಕೊನೆಯೇ ಇಲ್ಲದೆ ಉರುಳುವ ವಿಡಿಯೊಗಳು, ಒಂದಾದ ಮೇಲೊಂದು ತಾನಾಗಿ ಶುರುವಾಗುವ ಧಾರಾವಾಹಿ ಕಂತುಗಳು ಯಾರಿಗೂ ಏಳುವ ಜಾಗ ಕೊಡುವುದಿಲ್ಲ. ಪುಸ್ತಕಕ್ಕೆ ಅಧ್ಯಾಯದ ಕೊನೆ ಇದೆ, ಅವಕ್ಕೆ ಇಲ್ಲ. ತಾನಾಗಿ ಮುಂದುವರಿಯುವ ಆಯ್ಕೆಯನ್ನು ಆರಿಸಿ, ರಾತ್ರಿ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಸುಳಿಯ ಹೊತ್ತಿನಲ್ಲಿ ಹಣ ಖರ್ಚಾಗುವ ಅಭ್ಯಾಸವಿದ್ದರೆ ಕಾರ್ಡಿನ ವಿವರವನ್ನು ಅಂಗಡಿ ಆ್ಯಪ್‌ಗಳಿಂದ ಅಳಿಸಿ. ಎದ್ದು ಹೋಗಿ ಪರ್ಸ್ ತರಬೇಕಾದ ಆ ಅರ್ಧ ನಿಮಿಷದಲ್ಲಿ ಎಷ್ಟೋ ಖರೀದಿ ನಿಲ್ಲುತ್ತದೆ.

ಕೊನೆಯ ದಿನದ ಲೆಕ್ಕ ಹಾಕುವಾಗ ಹೈಪರ್‌ಫೋಕಸ್ ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ಬಂದರೆ ಅದು ಮಳೆಗಾಲದ ಹೆಚ್ಚುವರಿ ನೀರು. ಕಚೇರಿಯಲ್ಲೂ ಒಂದು ರಾತ್ರಿಯಲ್ಲಿ ಮುಗಿದ ಕೆಲಸವನ್ನು ಒಂದು ರಾತ್ರಿಯ ಕೆಲಸವೆಂದು ಹೇಳಬೇಡಿ. ಮುಂದಿನ ಸಲ ನಿಮಗೆ ಸಾಮಾನ್ಯವಾಗಿ ಬೇಕಾಗುವ ದಿನಗಳನ್ನೇ ಕೇಳಿ.

ಮರುದಿನ

ದೊಡ್ಡ ಸುಳಿಯ ಮರುದಿನ ತಲೆ ಮಂಕಾಗಿರುತ್ತದೆ. ಅದನ್ನು ಸೋಮಾರಿತನ ಎಂದು ಬೈದುಕೊಳ್ಳಬೇಡಿ. ಕೈಗೆ ಅಭ್ಯಾಸವಾದ ಹಗುರ ಕೆಲಸ ಇಟ್ಟುಕೊಳ್ಳಿ, ಎಂದಿನ ಹೊತ್ತಿಗೇ ಮಲಗಿ. ತಪ್ಪಿದ ನಿದ್ದೆಯನ್ನು ಸಂಜೆ ಐದರ ಕಾಫಿಯಿಂದ ತುಂಬಲು ಹೋದರೆ ಆ ರಾತ್ರಿಯೂ ಹೋಯಿತು. ಎಡಿಎಚ್‌ಡಿ ಇರುವ ಅನೇಕರಿಗೆ ನಿದ್ದೆ ಮೊದಲೇ ತಡವಾಗಿ ಬರುತ್ತದೆ.

ಮನೆಯವರಿಗೆ, ಮುಖ್ಯವಾಗಿ ಅಪ್ಪ ಅಮ್ಮಂದಿರಿಗೆ

ಮಗು ಆಟದಲ್ಲೋ ಚಿತ್ರ ಬಿಡಿಸುವುದರಲ್ಲೋ ಮುಳುಗಿದೆ. ಅಡುಗೆಮನೆಯಿಂದ ಆರು ಸಲ ಕೂಗಿ, ಏಳನೇ ಸಲ ಬಂದು ಕಿತ್ತುಕೊಂಡರೆ ಮಗುವಿನ ಪಾಲಿಗೆ ನಡೆದದ್ದು ಒಂದೇ: ಎಲ್ಲಿಂದಲೋ ಬಂದು ಕಿತ್ತುಕೊಂಡರು. ಮೊದಲ ಆರು ಅದಕ್ಕೆ ತಲುಪಿಲ್ಲ.

ಹತ್ತಿರ ಹೋಗಿ, ಅದರ ಎತ್ತರಕ್ಕೆ ಕುಳಿತುಕೊಳ್ಳಿ. ಮೊದಲು ಅದು ಮಾಡುತ್ತಿರುವುದನ್ನೇ ಒಂದು ಗಳಿಗೆ ನೋಡಿ, ಅದರ ಬಗ್ಗೆಯೇ ಒಂದು ಪ್ರಶ್ನೆ ಕೇಳಿ: "ಈ ಸೇತುವೆ ಯಾವ ಊರಿಗೆ ಹೋಗುತ್ತದೆ ಪುಟ್ಟಾ?" ಉತ್ತರ ಬಂದರೆ ಮಗು ಮೇಲೆ ಬಂದಿದೆ ಎಂದರ್ಥ. ಆಮೇಲೆ "ಈ ಕಂಬ ಮುಗಿದ ಮೇಲೆ ಊಟ" ಎಂದು ಕೆಲಸದೊಳಗಿನದೇ ಒಂದು ಕೊನೆಯನ್ನು ತೋರಿಸಿ. ಐದು ನಿಮಿಷ ಎಂಬುದು ಗಡಿಯಾರ ಕಾಣದ ಮಗುವಿಗೆ ಅರ್ಥವಾಗದು, ಒಂದು ಕಂಬ ಅರ್ಥವಾಗುತ್ತದೆ. ಆಟವಾದರೆ ಆ ಹಂತ ಉಳಿಸಿಕೊಳ್ಳಲು ಬಿಡಿ. ಮುಳುಗುವ ವಿಷಯವನ್ನೇ ಶಿಕ್ಷೆಯಾಗಿ ಕಿತ್ತುಕೊಳ್ಳುವುದು ಬೇಡ. ಎಷ್ಟೋ ಮಕ್ಕಳಿಗೆ ತಾನು ಜಾಣ ಎನಿಸುವ ಒಂದೇ ಜಾಗ ಅದಾಗಿರುತ್ತದೆ.

ಗಂಡ ಹೆಂಡತಿಯರ ನಡುವೆ ಇನ್ನೊಂದು ನೋವಿದೆ. ಹೊಸ ಪರಿಚಯದ ದಿನಗಳಲ್ಲಿ ಇಡೀ ಗಮನ ನಿಮ್ಮ ಮೇಲಿತ್ತು, ಆಮೇಲೆ ಅದು ಬೇರೆಡೆಗೆ ಹೋಯಿತು. ಪ್ರೀತಿ ಹೋಯಿತೆಂದು ತೋರುತ್ತದೆ. ಹೋಗಿರುವುದು ಹೊಸತನದ ಸೆಳೆತ ಮಾತ್ರ ಇರಬಹುದು. ಆದರೆ ಕಾರಣ ತಿಳಿದರೆ ನೋವು ಮಾಯವಾಗುವುದಿಲ್ಲ, ನಮ್ಮ ಹೊಣೆಯೂ ಕಡಿಮೆಯಾಗುವುದಿಲ್ಲ. "ನನಗೆ ಎಡಿಎಚ್‌ಡಿ ಇದೆ" ಎಂಬ ಮಾತಿನ ಹಿಂದೆಯೇ "ಅದಕ್ಕೆ ನಾನು ಇಂಥ ಏರ್ಪಾಡು ಮಾಡಿದ್ದೇನೆ" ಎಂಬ ಮಾತೂ ಬರಬೇಕು. ನನ್ನ ಮಗಳ ಜೊತೆ ಮಾಡಿಕೊಂಡ ಏರ್ಪಾಡು ಇದು: ಸಹಿ ಬೇಕಾದರೆ ಅವಳು ಕೇಳುವುದಿಲ್ಲ, ಕಾಗದವನ್ನು ನನ್ನ ಕೀಬೋರ್ಡಿನ ಮೇಲೆಯೇ ಇಡುತ್ತಾಳೆ. ನಾನು "ಹ್ಞೂಂ" ಎಂದರೆ ಅದು ಉತ್ತರವಲ್ಲ, ಅವಳ ಕಣ್ಣು ನೋಡಿ ಹೇಳಿದ್ದು ಮಾತ್ರ ಉತ್ತರ.

ವೈದ್ಯರ ಬಳಿ ಹೋಗುವಾಗ

ಮುಳುಗುವಿಕೆಯಿಂದ ಕೆಲಸ, ಓದು, ಆರೋಗ್ಯ, ಸಂಬಂಧ ಹಾಳಾಗುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಒಂದು ವ್ಯತ್ಯಾಸವನ್ನು ಗಮನಿಸಿ: ಎಷ್ಟೋ ದಿನ ನಿದ್ದೆಯೇ ಬೇಡವೆನಿಸಿ, ದಣಿವೂ ಆಗದೆ, ಮಾತು ವೇಗವಾಗಿ, ಖರ್ಚು ಮಿತಿಮೀರಿ, ತನ್ನಿಂದ ಆಗದ್ದೇ ಇಲ್ಲ ಎನಿಸುತ್ತಿದ್ದರೆ ಅದು ಹೈಪರ್‌ಫೋಕಸ್ ಅಲ್ಲದೆ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತವಾಗಿರಬಹುದು. ತಡಮಾಡದೆ ತೋರಿಸಬೇಕು.

ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟೀನ್ ಮುಂತಾದ ಔಷಧಿಗಳು ವೈದ್ಯರ ಚೀಟಿಯಿಂದ ಮಾತ್ರ. ಇವು ಗಮನದ ಹಿಡಿತಕ್ಕೆ ನೆರವಾಗುತ್ತವೆ, ಆದರೆ ಹಸಿವನ್ನೂ ಕುಗ್ಗಿಸಬಹುದು. ಸುಳಿಯಲ್ಲಿ ಮೊದಲೇ ಊಟ ಮರೆಯುವವರು ಮಾತ್ರೆಗೆ ಮುನ್ನ ತಿಂಡಿ ತಿನ್ನುವ ಬಗ್ಗೆ ಕೇಳಿ ತಿಳಿಯಿರಿ. ಮಾತ್ರೆ ಕೆಲಸ ಶುರು ಮಾಡುವ ಹೊತ್ತಿಗೆ ಸರಿಯಾದ ಕೆಲಸದ ಮುಂದೆ ಕುಳಿತಿರಿ. ಆಗ ಕೈಯಲ್ಲಿದ್ದುದಕ್ಕೇ ಗಮನ ಅಂಟಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಹಾಯವಾಣಿಯಲ್ಲಿ ರೋಗನಿರ್ಣಯ ಆಗುವುದಿಲ್ಲ, ಆದರೆ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತಾರೆ.

ಹೋಗುವಾಗ ಎರಡು ವಾರದ ನೋಟ್‌ಬುಕ್ ಕೈಯಲ್ಲಿರಲಿ. ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿದ್ದವೇ ಎಂದು ವೈದ್ಯರು ಖಂಡಿತ ಕೇಳುತ್ತಾರೆ. ಆದ್ದರಿಂದ ನಿಮ್ಮ ಬಾಲ್ಯ ಕಂಡವರನ್ನು ಜೊತೆಗೆ ಕರೆದುಕೊಂಡು ಹೋಗಿ, ಹಳೆಯ ಪ್ರಗತಿಪತ್ರಗಳು ಸಿಕ್ಕರೆ ಅವನ್ನೂ ಒಯ್ಯಿರಿ. ನನ್ನ ಅಮ್ಮ ಟ್ರಂಕಿನಲ್ಲಿ ಕಾಪಾಡಿದ್ದ ಐದನೇ ತರಗತಿಯ ಪತ್ರದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಜಾಣೆ. ಕರೆದರೆ ಕೇಳಿಸುವುದಿಲ್ಲ. ಕಿವಿ ತೋರಿಸಿ." ಕಿವಿ ಆಗಲೇ ತೋರಿಸಿದ್ದರಂತೆ, ಸರಿಯಾಗಿತ್ತಂತೆ. ವೈದ್ಯರು ಆ ಸಾಲನ್ನು ಎರಡು ಸಲ ಓದಿ, ತಮ್ಮ ಕಡತದಲ್ಲಿ ಬರೆದುಕೊಂಡರು.